ಕರುಗಳಿಲ್ಲದ ದೊಡ್ಡಿ

ಲೈಡನ್
೧೨ ಜನವರಿ ೧೯೯೩

ಪ್ರೀತಿಯ ಒಗೋಲಾ ಅಣ್ಣನಿಗೆ,

ಹೇಗಿದ್ದೀಯ? ಸೆರ್ಫಿನಾ ಅತ್ತಿಗೆ, ಮಕ್ಕಳು ಆರೋಗ್ಯವೇ? ಈಗ ಸರೋವರದ ಕಡೆಯಿಂದ ಬಿಸಿಗಾಳಿ ಬೀಸುತ್ತಿರಬೇಕು, ಒಣಹಾಕಿದ ಮೀನಿನ ವಾಸನೆ ಶಾಲೆಯ ತನಕ ಬರುತ್ತಿರಬೇಕು. ಇಲ್ಲಿ ಕಾಲುವೆ ಹೆಪ್ಪುಗಟ್ಟಿದೆ. ಜನ ಅದರ ಮೇಲೆ ಜಾರಾಟ ಆಡುತ್ತಾರೆ, ನಾನು ಕಿಟಕಿಯಿಂದ ನೋಡುತ್ತೇನೆ. ಚೆನ್ನಾಗಿದೆ ಅಂತಲೂ ಅನ್ನಿಸುವುದಿಲ್ಲ, ಬೇಸರ ಅಂತಲೂ ಅನ್ನಿಸುವುದಿಲ್ಲ.

ಪುಸ್ತಕ ಕೊನೆಗೂ ಅಚ್ಚಿಗೆ ಹೋಗುತ್ತಿದೆ. ನಮ್ಮ ಲುವೊ ಕುಲದ ಜನರ ಮನೆ, ಅಂಗಳ, ಭೂಮಿ, ಚರ್ಚು, ಗೋರಿ ಎಲ್ಲ ಅದರಲ್ಲಿದೆ. ನಾಲ್ಕನೇ ಅಧ್ಯಾಯದ ಬಗ್ಗೆ ಪ್ರಕಾಶಕರು ಖಚಿತಪಡಿಸಿಕೊಳ್ಳಿ ಅನ್ನುತ್ತಿದ್ದಾರೆ. ದಯವಿಟ್ಟು ಜಬ್ಲೋನ್ ದೊಡ್ಡಪ್ಪನನ್ನು ಕೇಳಿ ಬರೆ. ಗಂಡನನ್ನು ಬಿಟ್ಟು ತವರಿಗೆ ಬಂದ ಮಗಳು ತೀರಿಕೊಂಡರೆ ಮನೆಯ ಬೇಲಿಯ ಒಳಗೆ ಹೂಳುತ್ತಾರೋ ಹೊರಗೋ? ಒಮ್ಮೆ ನೆಟ್ಟ ಬೇಲಿಯನ್ನು ಸರಿಸುವ ಪದ್ಧತಿ ಇದೆಯೋ? ನಾನು ಮಾತಾಡಿಸಿದ ಹಿರಿಯರೆಲ್ಲ ‘ಹೊರಗೆ’ ಎಂದೇ ಹೇಳಿದ್ದರು. ಆದರೂ ನಮ್ಮ ಮನೆಯ ಹಿರಿಯನ ಬಾಯಿಂದಲೂ ಬರಲಿ.

ನಮ್ಮ ಮನೆಯ ನಕಾಶೆಯನ್ನೂ ಪುಸ್ತಕದಲ್ಲಿ ಹಾಕುತ್ತಿದ್ದೇನೆ. ಅಮ್ಮನ ಗೋರಿಯ ಹಿಂದೆ ಕಳ್ಳಿಬೇಲಿ ಹೊಟ್ಟೆಯ ಹಾಗೆ ಹೊರಗೆ ಉಬ್ಬಿದೆಯಲ್ಲ, ಅಲ್ಲಿ ‘ಕರುಗಳ ದೊಡ್ಡಿ’ ಎಂದು ಬರೆದಿದ್ದೇನೆ. ಅಪ್ಪ ಹಾಗೆ ಹೇಳುತ್ತಿದ್ದ ನೆನಪು. ಸರಿ ತಾನೇ?

ಬೇಗ ಉತ್ತರಿಸು.

ನಿನ್ನ ತಂಗಿ
ಅಲುವೊಚ್


ನ್ಯಾಬೊಂಡೆ
೯ ಫೆಬ್ರವರಿ ೧೯೯೩

ತಂಗಿ ಅಲುವೊಚ್‌ಗೆ ಆಶೀರ್ವಾದಗಳು.

ನಿನ್ನ ಪತ್ರ ಶಾಲೆಯ ವಿಳಾಸಕ್ಕೆ ಬಂತು. ನಮ್ಮ ಗುಮಾಸ್ತ ಮೊದಲು ಅಂಚೆಚೀಟಿ ಕಿತ್ತುಕೊಂಡು ಆಮೇಲೆ ಪತ್ರವನ್ನು ಮುಖ್ಯೋಪಾಧ್ಯಾಯನಾದ ನನ್ನ ಕೈಗಿಟ್ಟ. ಮೋಡ ಕವಿದ ದಿನ ಹುಟ್ಟಿದೆ ಎಂದು ನಿನಗೆ ಅಲುವೊಚ್ ಅಂತ ಹೆಸರಿಟ್ಟರು. ನೀನು ಹುಡುಕಿಕೊಂಡು ಹೋಗಿ ಮೋಡದ ದೇಶವನ್ನೇ ಸೇರಿಕೊಂಡೆ. ಇನ್ನು ಚಳಿ ಚಳಿ ಅಂದರೆ ಯಾರೇನು ಮಾಡೋಣ?

ದೊಡ್ಡಪ್ಪ ಎಂದಿನಂತೆ ಕಣಜದ ನೆರಳಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಉರಿ ಬಿಸಿಲಲ್ಲೂ ಮೈಮೇಲೆ ಬರ್ಮಾ ಯುದ್ಧಕ್ಕೆ ಸಿಪಾಯಿಯಾಗಿ ಹೋಗಿದ್ದಾಗಿನ ಆ ಕೋಟು. ನಿನ್ನ ಪ್ರಶ್ನೆ ಓದಿ ಹೇಳಿದೆ.

“ಏನಯ್ಯಾ ಹೆಡ್ಮಾಸ್ಟ್ರೇ, ಆ ಹುಡುಗಿ ಅಷ್ಟು ಓದಿದಾಳೆ, ಇನ್ನೂ ಬೇಲಿ ಅಂದ್ರೆ ಏನು ಅಂತ ನನ್ನ ಕೇಳ್ತಾಳಲ್ಲ! ಹೂಂ, ಬರ್ಕೋ. ಬಿಟ್ಟು ಬಂದ ಮಗಳು ಬೇಲಿ ಹೊರಗೆ. ಗೋರಿಗೋಸ್ಕರ ಬೇಲಿ ಸರಿಯಲ್ಲ. ದನಕರು ಜಾಸ್ತಿ ಆದ್ರೆ ಸರಿಯುತ್ತೆ. ಬರ್ಕೊಂಡ್ಯಾ?”

“ಬರ್ಕೊಂಡೆ, ದೊಡ್ಡಪ್ಪ.”

“ಹಂಗಾದ್ರೆ ಚಹಾ ತರ್ಸು. ಹಾಲು ಜಾಸ್ತಿ ಇರ್ಲಿ.”

ನಕಾಶೆಯ ವಿಷಯ ಕೇಳಿದಾಗ ಒಮ್ಮೆ ಬೇಲಿಯ ಕಡೆ ನೋಡಿದರು, ಆಮೇಲೆ ತಮ್ಮ ಕಾಲಿನ ಕಡೆ ನೋಡಿಕೊಂಡರು. “ನಿಮ್ಮಪ್ಪ ಕರುಗಳ ದೊಡ್ಡಿ ಅಂದಿದ್ನಾ? ಹಂಗಾದ್ರೆ ಅದೇ” ಅಂದರು. ಆದ್ದರಿಂದ ಅದೂ ಸರಿ.

ಇಲ್ಲಿ ಹೆಚ್ಚಿಗೆ ಸುದ್ದಿ ಇಲ್ಲ. ಹೆಬ್ಬಾಗಿಲ ಪಕ್ಕದ ಸಣ್ಣ ಗುಡಿಸಲಿಗೆ ಹೊಸ ಹುಲ್ಲು ಹೊದಿಸಿದೆವು. ಸೆರ್ಫಿನಾ ಮತ್ತೆ ಗರ್ಭಿಣಿ, ನಗಬೇಡ. ನಿನ್ನ ಗಂಡ, ನಮ್ಮ ಮನೆಯ ಅಳಿಯ ಹೆಂಡ್ರಿಕ್ ಹೇಗಿದ್ದಾನೆ? ಎಷ್ಟೋ ಪತ್ರಗಳಿಂದ ಅವನ ಸುದ್ದಿಯೇ ಇಲ್ಲ. ಅವನ ಕಡೆಯಿಂದ ನಿನ್ನ ಮದುವೆಯ ಹಸುಗಳು ಬರಬೇಕಿರುವುದು ಹಾಗಿರಲಿ, ಒಂದು ನಮಸ್ಕಾರವಾದರೂ ಬರಲಿ.

ಇಂತು ನಿನ್ನ ಅಣ್ಣ
ಒಗೋಲಾ


ಲೈಡನ್
೧೮ ಜೂನ್ ೧೯೯೩

ಪ್ರೀತಿಯ ಅಣ್ಣ,

ಪುಸ್ತಕ ಬಂದಿದೆ. ನಿನಗೊಂದು, ದೊಡ್ಡಪ್ಪನಿಗೊಂದು ಪ್ರತಿ ಹಡಗಿನ ಅಂಚೆಯಲ್ಲಿ ಕಳಿಸಿದ್ದೇನೆ. ಇಲ್ಲಿ ವಿಭಾಗದಲ್ಲಿ ಒಂದು ಸಣ್ಣ ಸಮಾರಂಭ ಮಾಡಿದರು. ಚೀಸು, ದ್ರಾಕ್ಷಿ, ಎರಡು ಭಾಷಣ. ಎಲ್ಲರೂ ಕೈಕುಲುಕಿದರು. ನನಗೆ ಸಂತೋಷವಾಗುತ್ತದೆ ಎಂದು ಕಾದೆ. ಕೊನೆಗೆ ಕುರ್ಚಿಗಳನ್ನು ಜೋಡಿಸಲು ಸಹಾಯ ಮಾಡಿ ಮನೆಗೆ ಬಂದೆ.

ಹೆಬ್ಬಾಗಿಲ ಗುಡಿಸಲಿಗೆ ಹುಲ್ಲು ಹೊದಿಸಿದ್ದು ಒಳ್ಳೆಯದಾಯಿತು. ತವರಿಗೆ ಬಂದ ಹೆಣ್ಣುಮಕ್ಕಳಿಗೆಂದು ಇದ್ದ ಇಂಥ ಗುಡಿಸಲುಗಳು ಈಗ ಬಳಕೆಯಲ್ಲಿಲ್ಲದಿದ್ದರೂ ಜನ ಉಳಿಸಿಕೊಂಡಿದ್ದಾರೆ ಎಂದು ಪುಸ್ತಕದಲ್ಲಿ ವಾದಿಸಿದ್ದೇನೆ. ನೀನೇ ಅದಕ್ಕೆ ಸಾಕ್ಷಿ ಒದಗಿಸಿದೆ. ಸಾಧ್ಯವಾದರೆ ಅದರ ಒಂದು ಫೋಟೋ ಕಳಿಸು, ಒಳಗಿನದೂ ಇರಲಿ.

ಹೆಂಡ್ರಿಕ್ ಕ್ಷೇಮ. ಕೆಲಸ ಜಾಸ್ತಿ.

ಅಲುವೊಚ್


ನ್ಯಾಬೊಂಡೆ
೨೨ ಆಗಸ್ಟ್ ೧೯೯೩

ತಂಗಿ,

ಪುಸ್ತಕ ಬಂತು. ಭಾನುವಾರ ಚರ್ಚು ಮುಗಿದ ಮೇಲೆ ನಮ್ಮ ಅಂಗಳದಲ್ಲಿ ಹಿರಿಯರೆಲ್ಲ ಸೇರಿದರು. ನಾನು ಇಂಗ್ಲಿಷಿನಲ್ಲಿ ಓದುತ್ತ ನಮ್ಮ ಮಾತಿನಲ್ಲಿ ಹೇಳುತ್ತ ಹೋದೆ. ತಮ್ಮ ಹೆಸರು ಬಂದಾಗೆಲ್ಲ ಒಬ್ಬೊಬ್ಬರೂ ಕೆಮ್ಮಿ ನೆಟ್ಟಗೆ ಕೂರುತ್ತಿದ್ದರು. ದೊಡ್ಡಪ್ಪ ಬಹಳ ಹೊತ್ತು ಹೊದಿಕೆಯನ್ನೇ ನೋಡುತ್ತಿದ್ದರು. ಈಗ ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಬೈಬಲಿನ ಪಕ್ಕ ಇಟ್ಟಿದ್ದಾರೆ. ಹೊದಿಕೆಯ ಮೇಲೆ ಅಪ್ಪನ ಹೆಸರು ಹಾಕಿಸಿಕೊಂಡಿದ್ದೀಯ, ಅಲುವೊಚ್ ಒಬಿಯೆರೊ ಅಂತ. ಹೆಂಡ್ರಿಕ್‌ಗೆ ಬೇಜಾರಾಗಲಿಲ್ಲವೇ ಎಂದು ಸೆರ್ಫಿನಾ ಕೇಳುತ್ತಿದ್ದಾಳೆ.

ಇನ್ನು ನಿನಗೆ ಹೇಳದೆ ಇಟ್ಟಿದ್ದನ್ನು ಹೇಳಬೇಕು. ಆ ಗುಡಿಸಲಿನ ಒಳಗಿನ ಫೋಟೋ ನಾನು ಕಳಿಸಲಾರೆ. ಅದರಲ್ಲಿ ಅಪೊಂಡಿ ಇದ್ದಾಳೆ.

ಹೋದ ಕ್ರಿಸ್‌ಮಸ್‌ಗೆ ಮೊದಲೇ ನಿನ್ನ ಅಕ್ಕ ಗಂಡನ ಮನೆಯಿಂದ ಬಂದಳು. ಹಿಂದೆಯೇ ಅವರ ಕಡೆಯವರು ಬಂದು ಮದುವೆಗೆ ಕೊಟ್ಟಿದ್ದ ಹಸುಗಳನ್ನು ಹೊಡೆದುಕೊಂಡು ಹೋದರು. ಹಸು ಹೋದ ಮೇಲೆ ಅವಳು ಆ ಮನೆಯವಳಲ್ಲ. ನಿನಗೆ ತಿಳಿಸಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಳು. “ಅವಳು ಪುಸ್ತಕ ಮುಗಿಸ್ಲಿ, ಆಮೇಲೆ ಹೇಳು” ಅಂದಳು. ತುಂಬ ಸೊರಗಿದ್ದಾಳೆ. ಈಗ ಊರಿನ ಎಷ್ಟೋ ಮನೆಗಳಲ್ಲಿ ಇರುವ ಆ ಕಾಯಿಲೆಯೇ. ಆಸ್ಪತ್ರೆಯಲ್ಲಿ ಅದರ ಹೆಸರನ್ನು ಪಿಸುಮಾತಿನಲ್ಲಿ ಹೇಳಿದರು. ಚರ್ಚಿನ ಹೆಂಗಸರು ಚಿರಾ ಅನ್ನುತ್ತಾರೆ, ಕಟ್ಟಳೆ ಮೀರಿದವರನ್ನು ಸವೆಸುವ ಶಾಪವಂತೆ. ಏನು ಮೀರಿದಳು ಎಂದು ಕೇಳಿದರೆ ಪ್ರಾರ್ಥನೆ ಮಾಡೋಣ ಅನ್ನುತ್ತಾರೆ.

ಅವಳಿಗೂ ನಿನ್ನ ಪುಸ್ತಕ ತೋರಿಸಿದೆ. ನಕಾಶೆ ನೋಡಿ ನಕ್ಕಳು, ತಿಂಗಳುಗಳ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

“ಕರುಗಳ ದೊಡ್ಡಿನಾ! ಲೋ ಅಣ್ಣಾ, ಅವಳಿಗೆ ಜ್ಞಾಪಕ ಇಲ್ವಾ? ಅಪ್ಪ ಬೇಲಿ ನೆಡ್ತಿದ್ದಾಗ ನಾವಿಬ್ರೂ ಕೊಂಬೆ ಎತ್ತಿ ಕೊಡ್ತಿದ್ವಿ, ಕಳ್ಳಿ ಹಾಲು ನನ್ನ ಕಣ್ಣಿಗೆ ಬಿತ್ತು. ಅವತ್ತು ಯಾವ ಕರು ಇತ್ತು ಅಂತ ಕೇಳು ಅವಳನ್ನ.”

ಕೇಳು ಅಂದಳು, ಕೇಳಿದ್ದೇನೆ.

ಒಗೋಲಾ


ಲೈಡನ್
೨೦ ಸೆಪ್ಟೆಂಬರ್ ೧೯೯೩

ಅಣ್ಣ,

ನಿನ್ನ ಪತ್ರವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಓದಿ ಮಡಚಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಅಂಗಡಿಗೆ ಹೋಗಿ ಬ್ರೆಡ್ ಕೊಂಡೆ. ಚಿಲ್ಲರೆ ಎಣಿಸಿ ತೆಗೆದುಕೊಂಡಿದ್ದೂ ನೆನಪಿದೆ. ಏನೋ ಆಗಬೇಕಿತ್ತು ನನ್ನೊಳಗೆ, ಆಗಲಿಲ್ಲ. ಇದನ್ನು ಅಕ್ಕನಿಗೆ ಹೇಳಬೇಡ.

ಕರು ನೆನಪಿಲ್ಲ. ಅವಳು ಕಿರುಚಿದ್ದು ನೆನಪಿದೆ. ಪಕ್ಕದ ಮನೆಯ ಬಾಣಂತಿ ಓಡಿ ಬಂದು ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಣ್ಣಿಗೆ ಎದೆಹಾಲು ಹಿಂಡಿದಳು. ಅಪ್ಪ ಮಾತ್ರ ಕೊಂಬೆ ಚುಚ್ಚುತ್ತಲೇ ಇದ್ದ. ಯಾಕೆ ಎಂದು ಕೇಳಿದ್ದಕ್ಕೆ ಕರುಗಳಿಗೆ ಅಂದಿದ್ದ. ಅಪ್ಪ ಹೇಳಿದ್ದನ್ನು ಅನುಮಾನಿಸುವುದು ನನಗೆ ಹೊಳೆಯಲೇ ಇಲ್ಲ. ಬೇರೆಯವರ ಮನೆಗಳಲ್ಲಿ ಎಲ್ಲವನ್ನೂ ಮೂರು ಸಲ ಕೇಳುತ್ತಿದ್ದೆ.

ಅಕ್ಕನಿಗೆ ನಿದ್ರೆ ಬರುತ್ತದೆಯೇ? ಏನು ತಿನ್ನುತ್ತಾಳೆ? ಗಂಜಿಗೆ ಶೇಂಗಾ ಅರೆದು ಹಾಕಲು ಅತ್ತಿಗೆಗೆ ಹೇಳು. ತರಗತಿಗಳು ಶುರುವಾಗಿವೆ, ಡಿಸೆಂಬರ್ ತನಕ ಹೊರಡಲಾಗದು. ಹೆಂಡ್ರಿಕ್ ಕ್ಷೇಮ.

ಅಲುವೊಚ್


ನ್ಯಾಬೊಂಡೆ
೧೪ ನವೆಂಬರ್ ೧೯೯೩

ತಂಗಿ,

ಗಂಜಿ ಕುಡಿಯುತ್ತಾಳೆ. ಅರ್ಧ ಒಳಗೆ, ಅರ್ಧ ಹೊರಗೆ. ರಾತ್ರಿ ಕಾಲು ತಣ್ಣಗಾಗುತ್ತದೆ ಅನ್ನುತ್ತಾಳೆ. ಸೆರ್ಫಿನಾ ಹೆತ್ತಳು, ಹೆಣ್ಣು ಮಗು. ಬಾಣಂತಿಯಾದರೂ ಅವಳೇ ಅಪೊಂಡಿಯ ಬಟ್ಟೆ ಒಗೆಯುತ್ತಾಳೆ, ಬೇರೆ ಯಾರೂ ಮುಟ್ಟುವುದಿಲ್ಲ.

ಅಪೊಂಡಿ ಕೇಳಿದ್ದು ಒಂದೇ. “ನನ್ನ ಅಮ್ಮನ ಪಕ್ಕ ಮಲಗ್ಸು. ಬೇಲಿ ಆಚೆ ಬೇಡ, ಅಲ್ಲಿ ನಾಯಿಗಳು ಓಡಾಡ್ತವೆ.” ನಾನು ಆಗಲಿ ಅಂದುಬಿಟ್ಟೆ.

ಕರುಗಳ ದೊಡ್ಡಿಯ ಕಥೆಯನ್ನೂ ಅವಳೇ ಹೇಳಿದಳು. ಅಲ್ಲಿರುವುದು ಅಬುಯಾ ಅಜ್ಜಿಯಂತೆ, ಅಪ್ಪನ ಸೋದರತ್ತೆ. ಗಂಡನನ್ನು ಬಿಟ್ಟು ಬಂದು ಆ ಹೆಬ್ಬಾಗಿಲ ಗುಡಿಸಲಲ್ಲೇ ಇದ್ದಳಂತೆ. ಅಪೊಂಡಿಗೆ ಅವಳ ಮಡಿಲು ನೆನಪಿದೆ. ಸತ್ತಾಗ ಕಟ್ಟಳೆಯಂತೆ ಬೇಲಿಯ ಹೊರಗೆ ಹೂಳಿದರು. ಮಳೆ ನಿಂತ ಮೇಲೆ ಅಪ್ಪ ಬೇಲಿಯನ್ನು ಆ ಗೋರಿಯ ಆಚೆಗೆ ನೆಟ್ಟ. ಅಷ್ಟೆ, ಅವಳು ಒಳಗೆ ಬಂದಳು.

ಇದನ್ನು ಕೇಳಿ ನನಗೆ ಧೈರ್ಯ ಬಂತು. ಭಾನುವಾರ ಹಿರಿಯರೆಲ್ಲ ಕೂತಿದ್ದಾಗ ಎದ್ದು ನಿಂತು ಕೇಳಿಯೇ ಬಿಟ್ಟೆ. ಅಪೊಂಡಿಗೋಸ್ಕರ ಬೇಲಿ ಸರಿಸಲು ಅಪ್ಪಣೆ ಕೊಡಿ ಎಂದೆ. ದೊಡ್ಡಪ್ಪ ನನ್ನನ್ನು ಹೇಗೆ ನೋಡಿದರು ಅಂದರೆ, ಎಲ್ಲರೆದುರು ಬಟ್ಟೆ ಬಿಚ್ಚಿ ನಿಂತವನನ್ನು ನೋಡುವ ಹಾಗೆ.

“ಯಾಕೆ ಕೇಳ್ದೆ?” ಅಂದರು.

“ಕೇಳದೆ ಮಾಡಿದ್ರೆ ತಪ್ಪಾಗಲ್ವಾ, ದೊಡ್ಡಪ್ಪ?”

“ಕೇಳ್ದೆಯಲ್ಲ, ಇನ್ನು ನಾನು ಹೇಳ್ಬೇಕು. ಗೋರಿಗೋಸ್ಕರ ಬೇಲಿ ಸರಿಯಲ್ಲ. ನಿನ್ನ ತಂಗಿನೇ ಬರೆದಿದಾಳೆ, ನೀನೇ ಓದಿ ಹೇಳ್ದೆ. ಮೊದ್ಲು ನಮಗೆ ಮಾತ್ರ ಗೊತ್ತಿತ್ತು, ನಾವು ನೋಡ್ಕೋತಿದ್ವಿ. ಈಗ ಬಿಳಿಯರಿಗೂ ಗೊತ್ತು. ಒಬಿಯೆರೊ ಮನೆಯವ್ರು ಬರೆಸೋದು ಒಂದು, ಮಾಡೋದು ಒಂದು ಅಂತ ಆಗ್ಬೇಕಾ?”

ಉಳಿದವರು ತಲೆಯಾಡಿಸಿದರು. ಪಾದ್ರಿ ಎಲ್ಲಿ ಹೂಳಿದರೂ ಪ್ರಾರ್ಥನೆ ಮಾಡುತ್ತೇನೆ ಎಂದು ಕೈತೊಳೆದುಕೊಂಡರು.

ಅಲುವೊಚ್, ನೀನು ದೊಡ್ಡಪ್ಪನಿಗೆ ಒಂದು ಸಾಲು ಬರೆ. ಪುಸ್ತಕದಲ್ಲಿ ಅದು ತಪ್ಪಾಗಿ ಬಿದ್ದಿದೆ ಅಂತ ಬರೆ ಸಾಕು. ನಿನ್ನ ಮಾತನ್ನು ತೆಗೆದುಹಾಕಲಾರರು. ಬೇಗ ಬರೆ. ಅವಳಿಗೆ ನಾನಿನ್ನೂ ಇಲ್ಲ ಅಂದಿಲ್ಲ.

ಒಗೋಲಾ


ಲೈಡನ್
೧೦ ಡಿಸೆಂಬರ್ ೧೯೯೩

ಅಣ್ಣ,

ಆ ಒಂದು ಸಾಲು ಬರೆಯಲು ಕೂತೆ. ಬರಲಿಲ್ಲ.

ಪುಸ್ತಕದಲ್ಲಿ ತಪ್ಪಿಲ್ಲ, ಅಣ್ಣ. ಹೊರಗೆ ಹೂಳುತ್ತಾರೆ ಎಂದಿದೆ, ಹೊರಗೇ ಹೂಳುತ್ತಾರೆ. ದನಕರುಗಳಿಗಾಗಿ ಬೇಲಿ ಸರಿಯುತ್ತದೆ, ಗೋರಿಗಾಗಿ ಅಲ್ಲ ಎಂದಿದೆ, ಹಿರಿಯರೆಲ್ಲ ಅದನ್ನೇ ಹೇಳಿದ್ದರು. ಹೇಳಿದವರಿಗೇ ನೀವು ಹೇಳಿದ್ದು ತಪ್ಪು ಎಂದು ನಾನು ಬರೆದರೆ ದೊಡ್ಡಪ್ಪ ನಗುತ್ತಾರೆ. ಅಬುಯಾ ಅಜ್ಜಿಯ ವಿಷಯ ಮುಖ್ಯವಾದದ್ದು. ಎರಡನೇ ಮುದ್ರಣವಾದರೆ ಅಡಿಟಿಪ್ಪಣಿಯಲ್ಲಿ ಸೇರಿಸಬಹುದು.

ಈ ತಿಂಗಳು ಬರುತ್ತೇನೆ ಅಂದುಕೊಂಡಿದ್ದೆ. ಟಿಕೆಟ್ ಕಚೇರಿಯ ತನಕ ಹೋದೆ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಆ ಹುಡುಗಿ ಎಲ್ಲಿಗೆ ಅಂದಳು, ನನಗೆ ಊರಿನ ಹೆಸರು ಹೇಳಲಾಗಲಿಲ್ಲ. ಹಿಂದಿನವರು ಮುಂದೆ ಹೋದರು. ಯಾಕೆ ಹೀಗಾಯಿತು ಎಂದು ನನಗೂ ಗೊತ್ತಿಲ್ಲ, ಕೇಳಬೇಡ.

ಅಕ್ಕನ ಕಾಲಿಗೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ನೀಲಿ ಬಣ್ಣ, ಅವಳಿಗೆ ಇಷ್ಟ.

ಅಲುವೊಚ್


ನ್ಯಾಬೊಂಡೆ
೨೭ ಜನವರಿ ೧೯೯೪

ಅಲುವೊಚ್,

ಅಪೊಂಡಿ ಕಳೆದ ಗುರುವಾರ ಬೆಳಿಗ್ಗೆ ತೀರಿಕೊಂಡಳು. ಸೆರ್ಫಿನಾ ಗಂಜಿ ತೆಗೆದುಕೊಂಡು ಹೋದಾಗ ಮುಗಿದಿತ್ತು.

ಶನಿವಾರ ಬೇಲಿಯ ಹೊರಗೆ ಹೂಳಿದೆವು. ಅಬುಯಾ ಅಜ್ಜಿ ಇರುವ ಉಬ್ಬಿನ ಪಕ್ಕದಲ್ಲೇ, ಆದರೆ ಹೊರಗೆ. ಅಮ್ಮನ ಗೋರಿಗೂ ಅವಳಿಗೂ ನಡುವೆ ಕಳ್ಳಿ ಇದೆ. ಪಾದ್ರಿ ಚಿಕ್ಕದಾಗಿ ಪ್ರಾರ್ಥನೆ ಮಾಡಿದರು. ದೊಡ್ಡಪ್ಪ ಕೋಟು ತೆಗೆದು ಮಡಚಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರು ಕೋಟು ತೆಗೆದದ್ದನ್ನು ನಾನು ಅಪ್ಪನ ಮಣ್ಣಿನ ದಿನ ಬಿಟ್ಟರೆ ನೋಡಿಲ್ಲ.

ಕೊನೆಯ ತನಕ ಅವಳಿಗೆ ಆಗಲಿ ಅಂದೇ ಹೇಳುತ್ತಿದ್ದೆ.

ಕಾಲುಚೀಲ ಸೋಮವಾರ ಬಂತು. ಸೆರ್ಫಿನಾ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದಾಳೆ.

ಅಡಿಟಿಪ್ಪಣಿ ಬೇಡ.

ಒಗೋಲಾ


ಲೈಡನ್
೨ ಮೇ ೧೯೯೪

ಅಣ್ಣ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ನೀನೂ ಮತ್ತೆ ಬರೆಯಲಿಲ್ಲ. ಅಳು ಬರುತ್ತದೆ ಎಂದು ಕಾಯುತ್ತಿದ್ದೆ, ಬಂದ ಮೇಲೆ ಬರೆಯೋಣ ಎಂದು. ಬರಲಿಲ್ಲ. ಪಾಠ ಮಾಡುತ್ತೇನೆ, ಉತ್ತರಪತ್ರಿಕೆ ತಿದ್ದುತ್ತೇನೆ, ಬಟ್ಟೆ ಇಸ್ತ್ರಿ ಮಾಡುತ್ತೇನೆ. ಮೊನ್ನೆ ತರಗತಿಯಲ್ಲಿ ನಾಲ್ಕನೇ ಅಧ್ಯಾಯ ಪಾಠ ಮಾಡಿದೆ. ಒಬ್ಬ ವಿದ್ಯಾರ್ಥಿ ಕೈ ಎತ್ತಿ, ಹೊರಗೆ ಹೂಳಿದ ಹೆಣ್ಣುಮಕ್ಕಳ ಬಗ್ಗೆ ಮನೆಯವರಿಗೆ ಏನನ್ನಿಸುತ್ತದೆ ಎಂದು ಕೇಳಿದ. ಅದರ ಬಗ್ಗೆ ಮಾಹಿತಿ ಕಡಿಮೆ ಎಂದು ಹೇಳಿದೆ.

ಪುಸ್ತಕ ಖರ್ಚಾಗಿದೆಯಂತೆ, ಎರಡನೇ ಮುದ್ರಣ ಮಾಡುತ್ತಾರಂತೆ. ಅದಕ್ಕಾಗಿ ದೊಡ್ಡಪ್ಪನಿಗೆ ಒಂದು ಪ್ರಶ್ನೆ ಇದೆ. ನಿನಗೆ ಕೇಳಲು ಇಷ್ಟವಿಲ್ಲದಿದ್ದರೆ ಬಿಡು.

ಮಗಳೊಬ್ಬಳು ಪರದೇಶದಲ್ಲಿ ಮದುವೆಯಾಗಿರುತ್ತಾಳೆ. ಅವಳಿಗಾಗಿ ಹಸುಗಳು ಬಂದಿರುವುದಿಲ್ಲ. ಆಮೇಲೆ ಆ ಗಂಡನೂ ಇರುವುದಿಲ್ಲ, ಬೇರೆ ಸಂಸಾರ ಮಾಡಿಕೊಂಡು ಹೋಗಿರುತ್ತಾನೆ. ಮಕ್ಕಳಿಲ್ಲ. ಅವಳು ಅಲ್ಲೇ ತೀರಿಕೊಂಡರೆ ದೇಹವನ್ನು ಊರಿಗೆ ತರುತ್ತಾರೆಯೇ? ತಂದರೆ ಎಲ್ಲಿ ಹೂಳುತ್ತಾರೆ? ಇಂಥದ್ದು ಹಿಂದೆ ಆಗಿಲ್ಲದಿದ್ದರೆ, ಆದರೆ ಏನು ಮಾಡುತ್ತಾರೆ ಎಂದು ಹೇಳಿದರೂ ಸಾಕು.

ಅವಸರವಿಲ್ಲ.

ಅಲುವೊಚ್


ನ್ಯಾಬೊಂಡೆ
೩೦ ಜೂನ್ ೧೯೯೪

ತಂಗಿ ಅಲುವೊಚ್‌ಗೆ ಆಶೀರ್ವಾದಗಳು.

ನಿನ್ನ ಪತ್ರ ಬಂದು ನನ್ನ ಮೇಜಿನ ಮೇಲೆ ಬಹಳ ದಿನ ಬಿದ್ದಿತ್ತು. ನಿಜ ಹೇಳುತ್ತೇನೆ, ನನಗೆ ಕೋಪ ಬಂದಿತ್ತು. ಅಕ್ಕ ಮಣ್ಣಾಗಿ ಇನ್ನೂ ಮಳೆಗಾಲ ಮುಗಿದಿಲ್ಲ, ಇವಳಿಗೆ ಮುದ್ರಣದ ಚಿಂತೆ ಎಂದುಕೊಂಡೆ. ಕೇಳಿ ಕೈತೊಳೆದುಕೊಂಡರೆ ಸಾಕು ಎಂದು ಕೊನೆಗೆ ದೊಡ್ಡಪ್ಪನ ಹತ್ತಿರ ಹೋದೆ. ಅಪೊಂಡಿ ಹೋದ ಮೇಲೆ ನಾನು ಅವರ ಅಂಗಳಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಬೇರೆ ಯಾರೂ ಇರಲಿಲ್ಲ. ಪ್ರಶ್ನೆ ಓದಿದೆ.

“ಇನ್ನೊಂದು ಸಲ ಓದು.”

ಓದಿದೆ.

“ಯಾರಿಗಂತೆ ಇದು?”

“ಎರಡನೇ ಮುದ್ರಣಕ್ಕಂತೆ, ದೊಡ್ಡಪ್ಪ.”

“ಮುದ್ರಣಕ್ಕೆ ಗಂಡ ಇರ್ತಾನೇನಯ್ಯಾ, ಬಿಟ್ಟು ಹೋಗೋಕೆ?”

ಒಳಗೆ ಹೋಗಿ ಎಣ್ಣೆಬಟ್ಟೆ ಬಿಚ್ಚಿ ಪುಸ್ತಕ ತಂದರು. ಹೊದಿಕೆಯ ಮೇಲೆ ಬೆರಳಿಟ್ಟರು.

“ಇಲ್ಲಿ ಏನಿದೆ? ಒಬಿಯೆರೊ. ನನ್ನ ತಮ್ಮನ ಹೆಸರು. ಗಂಡನ ಮನೇಲಿರೋ ಹೆಂಗ್ಸು ಅಪ್ಪನ ಹೆಸರಲ್ಲಿ ಪುಸ್ತಕ ಬರೀತಾಳಾ? ಇದು ಬಂದ ದಿನಾನೇ ನಂಗೆ ಗೊತ್ತಾಯ್ತು. ನೀನು ಹೆಡ್ಮಾಸ್ಟ್ರು ನೋಡು, ಒಳಗಿನದನ್ನ ಓದ್ತಾ ಕೂತೆ.”

ನನಗೆ ಆಗ ಹೊಳೆಯಿತು, ಅಲುವೊಚ್. ಹೆಂಡ್ರಿಕ್ ಕ್ಷೇಮ, ಹೆಂಡ್ರಿಕ್ ಕ್ಷೇಮ ಎಂದು ನೀನು ಬರೆಯುತ್ತಿದ್ದುದನ್ನು ನಾನು ನಂಬಿಕೊಂಡು ಕೂತಿದ್ದೆ. ಮಣೆಯ ಮೇಲೆ ಕುಸಿದು ಕೂತೆ. ಏನು ಉತ್ತರ ಬರೆಯಲಿ ಎಂದೆ.

“ಪುಸ್ತಕಕ್ಕೆ ಬರಿ. ಬೇಲಿ ಹೊರಗೆ. ಅದು ಹಂಗೇ.”

ನನಗೆ ತಡೆಯಲಾಗಲಿಲ್ಲ, ಅವರೆದುರು ನಾನು ಎಂದೂ ದನಿ ಏರಿಸಿದವನಲ್ಲ. “ಒಬ್ಳು ಹೊರಗೆ ಬಿದ್ದಿದಾಳೆ ದೊಡ್ಡಪ್ಪ! ಇನ್ನೊಬ್ಳೂ ಹೊರಗೇ ಅಂತ ನನ್ನ ಕೈಯಾರೆ ಬರೀಬೇಕಾ?”

“ಕೂಗ್ಬೇಡ. ಅವತ್ತು ಎಲ್ರ ಮುಂದೆ ಎದ್ದು ನಿಂತು ಕೇಳ್ದೆ. ಕೇಳ್ದೋನಿಗೆ ಏನು ಹೇಳ್ಬೇಕೋ ಅದನ್ನ ನಾನು ಹೇಳ್ದೆ. ನಿಮ್ಮಪ್ಪ ನನ್ನ ಕೇಳಿದ್ನಾ? ಬೆಳಿಗ್ಗೆ ನೋಡಿದ್ರೆ ಕತ್ತಿ ಹಿಡ್ಕೊಂಡು ಕಳ್ಳಿ ಕಡೀತಿದ್ದ. ಏನೋ ಮಾಡ್ತಿದೀಯಾ ಅಂದೆ. ಕರುಗಳಿಗೆ ಜಾಗ ಸಾಲ್ತಿಲ್ಲ ಅಂದ. ಸರಿ ಅಂದೆ. ಆ ವರ್ಷ ಅವನ ಹತ್ರ ಒಂದು ಕರು ಇರ್ಲಿಲ್ಲ.” ಕೋಟಿನ ಗುಂಡಿ ತಿರುಗಿಸಿದರು. “ಅಪೊಂಡಿ ಹೋದಾಗಿಂದ ಕಾಯ್ತಿದೀನಿ, ಈ ದಡ್ಡ ಯಾವಾಗ ಕತ್ತಿ ಎತ್ಕೋತಾನೆ ಅಂತ. ನಾನಾಗಿ ಹೇಳೋಕಾಗುತ್ತಾ? ಈಗ ಹೇಳು. ನಿನ್ನ ಕರುಗಳಿಗೆ ಜಾಗ ಸಾಲುತ್ತಾ?”

“ದೊಡ್ಡಪ್ಪ, ನನ್ನ ಹತ್ರ ಕರುಗಳೇ...”

“ಮತ್ತೆ ಬಾಯಿ ಬಿಡ್ತಾನೆ! ಸಾಲುತ್ತಾ, ಸಾಲಲ್ವಾ?”

“ಸಾಲಲ್ಲ.”

“ಎಷ್ಟು ಕರುಗಳಿಗೆ ಜಾಗ ಬೇಕು?”

“ಎರಡಕ್ಕೆ” ಅಂದೆ.

“ಸರಿ” ಅಂದರು. ಪುಸ್ತಕವನ್ನು ಮತ್ತೆ ಎಣ್ಣೆಬಟ್ಟೆಯಲ್ಲಿ ಸುತ್ತಿದರು.

ಮಾರನೆಯ ದಿನ ಬೆಳಿಗ್ಗೆ ಕಳ್ಳಿ ಕಡಿದೆ. ದಾರಿಯಲ್ಲಿ ಹೋಗುವವರು ನೋಡಿದರು. ಕರುಗಳಿಗಾ ಎಂದು ಒಬ್ಬಿಬ್ಬರು ಕೇಳಿದರು, ಹೌದು ಅಂದೆ, ಮುಂದೆ ಹೋದರು. ಅಪೊಂಡಿಗಾಗಿ ನಾನು ಕೇಳಿದ ಭಾನುವಾರ ದೊಡ್ಡಪ್ಪನ ಮಾತಿಗೆ ತಲೆಯಾಡಿಸಿದವರೇ ಅವರು. ದೊಡ್ಡಪ್ಪ ಬಂದು ಮಣೆ ಹಾಕಿಸಿಕೊಂಡು ಕೂತರು. ನಾನು ಗುಣಿ ತೆಗೆದ ಜಾಗ ನೋಡಿ ಕೋಲಿನಿಂದ ಇನ್ನೂ ಆಚೆಗೆ ತೋರಿಸಿದರು. ಇನ್ನೂ ಆಚೆಗೆ ನೆಟ್ಟೆ. ನನ್ನ ಕಣ್ಣಿಗೂ ಕಳ್ಳಿ ಹಾಲು ಬಿತ್ತು. ಸೆರ್ಫಿನಾ ಮಗುವನ್ನು ಕೆಳಗಿಟ್ಟು ಬಂದು ಎದೆಹಾಲು ಹಾಕಿದಳು. ಮುಖ್ಯೋಪಾಧ್ಯಾಯನಿಗೆ ಈ ಗತಿ ಎಂದು ಊರೆಲ್ಲ ನಗುತ್ತಿದೆ.

ಈಗ ಅಪೊಂಡಿ ಒಳಗಿದ್ದಾಳೆ. ಹಳೆಯ ಬೇಲಿ ಕಿತ್ತ ಮೇಲೆ ಅಮ್ಮನಿಗೂ ಅವಳಿಗೂ ನಡುವೆ ಏನೂ ಇಲ್ಲ. ನೀಲಿ ಕಾಲುಚೀಲವನ್ನು ಸೆರ್ಫಿನಾ ಅಲ್ಲೇ ಮಣ್ಣಿನಡಿ ಇಟ್ಟಳು. ಅಪೊಂಡಿಯ ಆಚೆ ಪಕ್ಕ ಇನ್ನೊಂದು ಜಾಗ ಇದೆ. ಅದು ನಿನ್ನದು. ಅಲ್ಲಿ ಗೆಣಸು ನೆಡಬೇಡ ಎಂದು ಸೆರ್ಫಿನಾಗೆ ಹೇಳಿದ್ದೇನೆ. ಅದಕ್ಕೆ ಏನೂ ಅವಸರವಿಲ್ಲ. ಮೊದಲು ಜೀವಂತವಾಗಿ ಒಮ್ಮೆ ಬಂದು ಹೋಗು.

ಎರಡನೇ ಮುದ್ರಣಕ್ಕೆ ಉತ್ತರ: ಬೇಲಿಯ ಹೊರಗೆ. ಹಾಗೆಯೇ ಬರೆಯಲು ದೊಡ್ಡಪ್ಪ ಹೇಳಿದ್ದಾರೆ.

ಇಂತು ನಿನ್ನ ಅಣ್ಣ
ಒಗೋಲಾ


ಲೈಡನ್
೨೧ ಜುಲೈ ೧೯೯೪

ಪ್ರೀತಿಯ ಅಣ್ಣ,

ಈ ಸಲವೂ ಮೆಟ್ಟಿಲ ಮೇಲೆಯೇ ಓದಿದೆ. ಬ್ರೆಡ್ ತರಲು ಹೋಗಲಿಲ್ಲ. ಅಲ್ಲೇ ಕೂತು ಅತ್ತೆ. ಕೆಳಮನೆಯ ಮುದುಕಿ ಬಾಗಿಲು ತೆರೆದು ನೋಡಿ, ಏನೂ ಕೇಳದೆ ಒಂದು ಲೋಟ ನೀರು ಪಕ್ಕದಲ್ಲಿಟ್ಟು ಹೋದಳು. ಅಕ್ಕನಿಗಾಗಿಯೋ ನನಗಾಗಿಯೋ ಗೊತ್ತಿಲ್ಲ, ಎರಡೂ ಸೇರಿಹೋಗಿತ್ತು.

ಹೆಂಡ್ರಿಕ್ ಹೋಗಿ ಎರಡು ಚಳಿಗಾಲ ಆಯಿತು. ಬರೆಯಲು ಆಗಲಿಲ್ಲ. ನಾಲ್ಕನೇ ಅಧ್ಯಾಯ ನನ್ನದೇ ಕೈಬರಹದಲ್ಲಿ ಮೇಜಿನ ಮೇಲಿತ್ತು, ಅದನ್ನು ಬರೆದವಳು ನಿನಗೆ ಯಾವ ಬಾಯಲ್ಲಿ ಹೇಳುವುದು? ಡಿಸೆಂಬರ್‌ಗೆ ಟಿಕೆಟ್ ಕೊಂಡಿದ್ದೇನೆ. ಎಲ್ಲಿಗೆ ಎಂದು ಕೇಳಿದಾಗ ಈ ಸಲ ಹೇಳಿದೆ. ಹೆಬ್ಬಾಗಿಲ ಗುಡಿಸಲಿನಲ್ಲೇ ಇರುತ್ತೇನೆ, ಹುಲ್ಲು ಸೋರದಂತೆ ನೋಡಿಸು.

ದೊಡ್ಡಪ್ಪನ ಉತ್ತರವನ್ನು ಅವರು ಹೇಳಿದ ಹಾಗೆಯೇ ಪುಸ್ತಕಕ್ಕೆ ಸೇರಿಸಿದ್ದೇನೆ. ಅಬುಯಾ ಅಜ್ಜಿಯ ಬಗ್ಗೆ ಅಡಿಟಿಪ್ಪಣಿ ಇಲ್ಲ. ನಕಾಶೆಯಲ್ಲಿ ಮಾತ್ರ ಒಂದು ತಿದ್ದುಪಡಿ ಕಳಿಸಿದೆ. ಕರುಗಳ ದೊಡ್ಡಿಯನ್ನು ಇನ್ನಷ್ಟು ದೊಡ್ಡದಾಗಿ ಬರೆಯಿರಿ ಎಂದೆ. ಯಾಕೆ ಎಂದು ಪ್ರಕಾಶಕರು ಕೇಳಿದರು. ಕರುಗಳು ಹೆಚ್ಚಾಗಿವೆ ಎಂದು ಹೇಳಿದೆ.

ನಿನ್ನ ತಂಗಿ
ಅಲುವೊಚ್